ಚೀರಾಟವಿಲ್ಲದ ಹೆರಿಗೆ

ಯಂಕಂಚಿಯ ತವರುಮನೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಾಗ ಸೊಂಟ ಹಿಡಿದುಕೊಂಡಿತು. ಬಿಟ್ಟಿತು. ಮತ್ತೆ ಹಿಡಿಯಿತು. ನನ್ನ ಮುಖ ನೋಡಿದವಳೇ ಅವ್ವ ಗಾಡಿಗೆ ಹೇಳಿಕಳಿಸಿದಳು.

ಸಿಂದಗಿಯ ಆಸ್ಪತ್ರೆ ಮುಟ್ಟುವವರೆಗೂ ಒಂದೇ ಭಯ. ಮೊದಲ ಹೆರಿಗೆಯಲ್ಲಿ ನೋವು ತಾಳಲಾರದೆ ಇಂಜೆಕ್ಷನ್ ಹಾಕಿಸಿಕೊಂಡಿದ್ದೆ. ಅದರ ಮಂಪರು ಕೂಸಿಗೂ ತಟ್ಟಿತ್ತು. ಮಗಳು ತೂಕಡಿಸುತ್ತಲೇ ಹುಟ್ಟಿದಳು.

ಅಳಲಿಲ್ಲ.

ನರ್ಸ್ ಬೆನ್ನು ಉಜ್ಜಿ, ಆಕ್ಸಿಜನ್ ಹಿಡಿದ ಮೇಲೆ ಸಣ್ಣಗೆ ಕುಂಯ್ ಎಂದಳು. ಈಗ ಅವಳು ಅತ್ತರೆ ಇಡೀ ಓಣಿಗೆ ಕೇಳುತ್ತದೆ, ಆ ಮಾತು ಬೇರೆ. ಆದರೆ ಆ ಹೊತ್ತಿನ ಹೆದರಿಕೆ ನನ್ನ ಎದೆಯಿಂದ ಹೋಗಿರಲಿಲ್ಲ.

"ಈ ಸಲ ಇಂಜೆಕ್ಷನ್ ಬ್ಯಾಡ್ರಿ. ಹಂಗ ತಡ್ಕೋತೇನಿ," ಎಂದೆ ಡಾಕ್ಟರಿಗೆ.

"ಎಪಿಡ್ಯೂರಲ್ ಐತಲ್ರಿ. ಬೆನ್ನಾಗ ಸಣ್ಣ ನಳಿಗಿ ಇಟ್ಟು ಔಷಧ ಬಿಡ್ತೀವಿ. ಕೂಸಿಗೆ ಹೋಗೂದು ಭಾಳ ಕಡಿಮಿ. ಆದ್ರ ನಿಮ್ಮ ಬಿಪಿ ಇಳೀಬಹುದು, ಕಾಲು ಜಡ ಆಗ್ತಾವ, ಹೆರಿಗಿಗೆ ಹೆಚ್ಚು ಹೊತ್ತು ಹಿಡೀಬಹುದು."

"ಕೂಸು ಅಳತೈತೇನ್ರಿ?"

"ಅಳೂದು ತಡ ಆಗಾಕ ಬ್ಯಾರೆ ಕಾರಣಾನೂ ಇರ್ತಾವ. ಈ ಔಷಧದಿಂದ ಹಂಗ ಆಗೂದು ಕಡಿಮಿ ನೋಡ್ರಿ."

ಒಪ್ಪಿದೆ. ಬೆನ್ನು ಬಾಗಿಸಿ ಅಲುಗಾಡದೆ ಕೂರುವುದೇ ದೊಡ್ಡ ಪಾಡಾಯಿತು. ಸೂಜಿ ಹಾಕಿದ ಜಾಗ ಮುಟ್ಟಿದರೆ ಈಗಲೂ ಸ್ವಲ್ಪ ನೋಯುತ್ತದೆ. ಬಿಪಿ ಇಳಿದು ತಲೆ ತಿರುಗಿತು, ಸಲಾಯಿನ್ ಜೋರು ಮಾಡಿದರು. ಮೈ ನಡುಗಿತು. ಆಮೇಲೆ ನೋವು ಮೆಲ್ಲಗೆ ಸರಿಯಿತು. ಹೊಟ್ಟೆ ಬಿಗಿಯುವುದು ಗೊತ್ತಾಗುತ್ತಿತ್ತು, ಅಷ್ಟೇ. ನನಗೆ ನಿಜಕ್ಕೂ ಖುಷಿಯಾಯಿತು.

ಇದನ್ನು ಅವ್ವನಿಗೆ ಹೇಳಲು ಯಾರಿಗೂ ನೆನಪಾಗಿರಲಿಲ್ಲ. ಓಣಿಯ ಬಸುರಿಯರ ಹೆರಿಗೆಯನ್ನೆಲ್ಲ ಅವಳು ಬಾಗಿಲಾಚೆ ಕೂತು ಚೀರುವ ದನಿಯಿಂದಲೇ ಅಳೆಯುವವಳು. "ಇನ್ನಾ ಹೊತ್ತೈತಿ," "ಈಗ ಆತು ನೋಡು," ಅನ್ನುವಳು. ಈ ಸಲ ಒಳಗಿನಿಂದ ಸಪ್ಪಳವೇ ಇಲ್ಲ. ನನಗೇನೋ ಆಗಿಹೋಯಿತೆಂದು ಬಾಗಿಲು ಬಡಿದು ಗೋಳಾಡತೊಡಗಿದಳು. ನರ್ಸ್ ಒಳಗೆ ಕರೆತಂದಳು.

"ಯವ್ವಾ, ಯಾಕ ಚೀರಾಕತ್ತಿ?"

"ನೀ ಯಾಕ ಚೀರವಲ್ಲಿ?"

ನಕ್ಕುಬಿಟ್ಟೆ. ಅವ್ವ ನನ್ನ ಜಡವಾದ ಕಾಲನ್ನು ಮುಟ್ಟಿ ಮುಟ್ಟಿ ನೋಡಿದಳು. ಮತ್ತೆ ಹೊರಗೆ ಹೋಗಲು ಒಪ್ಪಲೇ ಇಲ್ಲ.

ಕೊನೆಗೆ ತಿಣುಕುವುದಕ್ಕೆ ಹೊತ್ತು ಹಿಡಿಯಿತು. ಡಾಕ್ಟರ್ ಹೇಳಿದಾಗಲೆಲ್ಲ ತಿಣುಕಿದೆ, ಅವ್ವ ನನ್ನ ತಲೆ ಹಿಡಿದುಕೊಂಡಿದ್ದಳು. ಮಗ ಹುಟ್ಟಿದ. ನಾನು ತಲೆಯೆತ್ತಿ ಅವನ ಬಾಯಿಯನ್ನೇ ನೋಡಿದೆ.

ಅತ್ತ.

ವಾರ್ಡಿಗೆಲ್ಲ ಕೇಳುವಂತೆ ಅತ್ತ. ಎದೆಯ ಮೇಲೆ ಹಾಕಿದರೂ ನಿಲ್ಲಿಸಲಿಲ್ಲ. ನನಗೂ ತಡೆಯಲಾಗದೆ ಅಳು ಬಂತು.

"ಅಂತೂ ಒಬ್ಬನಾದ್ರೂ ಚೀರಿದ್ನಲ್ಲ," ಎನ್ನುತ್ತ ಅವ್ವ ಸೆರಗಿನಿಂದ ಮೊದಲು ನನ್ನ ಕಣ್ಣು ಒರೆಸಿದಳು, ಆಮೇಲೆ ತನ್ನವು.