ಓಟಿಪಿ ಹೇಳದ ಶಾಂತಾಬಾಯಿ

"ಹೇಳಂಗಿಲ್ಲಂದ್ರ ಹೇಳಂಗಿಲ್ಲ. ನಿನ್ನಂಥವರನ್ನ ಭಾಳ ನೋಡೀನಿ. ಇಡು ಫೋನ್!"

ಕಟ್ ಮಾಡಿದಳು. ನಾನು ಕುವೈತಿನ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಗಾಡಿ ನಿಲ್ಲಿಸಿ, ನನ್ನದೇ ಇಂಡಿಯಾ ನಂಬರಿಗೆ ಫೋನ್ ಹಚ್ಚಿ, ಗುರುತಿಲ್ಲದ ಹೆಂಗಸಿನಿಂದ ಬೈಸಿಕೊಳ್ಳುತ್ತಿದ್ದೆ.

ಇದು ನಮ್ಮಲ್ಲಿ ಹೆಂಗಸರಿಗೆ ಬಸ್ ಪುಕ್ಕಟೆಯಾದ ವರ್ಷದ ಮಾತು. ಅದೇ ವರ್ಷ ಬೀದರ್ ಕಡೆ ಮಳೆ ಕೈಕೊಟ್ಟಿತ್ತು. ಡಿಸೆಂಬರ್ ತಿಂಗಳ ಕೊನೆಯ ದಿನ.

ನಮ್ಮೂರು ಔರಾದ. ಕುವೈತಿನಲ್ಲಿ ದುಡಿದ ರೊಕ್ಕದಿಂದ ಊರಲ್ಲೊಂದು ಪ್ಲಾಟು ತಗೊಂಡಿದ್ದೆ. ಹಿಂದಿನ ವರ್ಷ ರಜೆಗೆ ಬಂದಾಗ ಅದನ್ನು ಮಾರಿದೆ. ನಾನು ಪರದೇಶದಲ್ಲಿರುವವನು ಅಂತ ತಗೊಂಡವರು ಕಾಯ್ದೆ ಪ್ರಕಾರ ಒಂದು ಪಾಲು ಟ್ಯಾಕ್ಸ್ ಹಿಡಿದು ಸರ್ಕಾರಕ್ಕೆ ಕಟ್ಟಿದರು. ನನಗೆ ಅದರಲ್ಲಿ ಲಾಭ ಆಗಿರಲಿಲ್ಲ. ಹಾಗಾಗಿ ಆ ರೊಕ್ಕ ವಾಪಸ್ ಬರಬೇಕು. ಆದರೆ ರಿಟರ್ನ್ ತುಂಬಿದರೆ ಮಾತ್ರ. ತಗೊಂಡವರು ಟ್ಯಾಕ್ಸ್ ಕಟ್ಟಿದ ಕಾಗದ ಕೊಡಲು ಆಡಿಸಿದರು, ಜುಲೈ ಗಡುವು ಹೋಯಿತು. ದಂಡ ಕಟ್ಟಿ ತುಂಬಲು ಡಿಸೆಂಬರ್ ಕೊನೆಯ ತನಕ ಅವಕಾಶ ಇತ್ತು. ಅದೂ ದಾಟಿದರೆ ರೊಕ್ಕ ಮರೆತುಬಿಡಬೇಕು.

ನನಗೆ ಅದು ಅಣ್ಣನ ಸಲುವಾಗಿ ಬೇಕಿತ್ತು. ಊರಲ್ಲಿ ಕೂಲಿ ಸಿಗದೆ ಅಣ್ಣ, ಅತ್ತಿಗೆ, ಅವರ ಸಣ್ಣ ಮಗಳು ಹೈದರಾಬಾದಿಗೆ ಹೋಗಿದ್ದರು. ಕಟ್ಟುತ್ತಿದ್ದ ಕಟ್ಟಡದಲ್ಲೇ ತಗಡು ಅಡ್ಡ ಇಟ್ಟುಕೊಂಡು ಮಲಗುತ್ತಿದ್ದರು. ಮಗು ಎರಡು ಸಲ ಜ್ವರ ಬಂದು ಮಲಗಿತ್ತು. ಅಣ್ಣನಿಗೊಂದು ಗೂಡ್ಸ್ ಆಟೊ ಕೊಡಿಸಿದರೆ ಬೀದರಿನ ಗಾಂಧಿ ಗಂಜಿನ ಪೇಟೆಯಲ್ಲಿ ಬಾಡಿಗೆ ಹೊಡೆದುಕೊಂಡು ಮೂವರೂ ಊರಲ್ಲೇ ಇರುತ್ತಾರೆ ಅಂತ ನನ್ನ ಲೆಕ್ಕ.

ರಿಟರ್ನ್ ತುಂಬುವವನು ಬೀದರಿನ ಸಂಗಪ್ಪಣ್ಣ. ಓಟಿಪಿ ಬರುವುದು ನನ್ನ ಇಂಡಿಯಾ ಸಿಮ್ಮಿಗೆ. ಆ ಸಿಮ್ಮು ಅವ್ವನ ಫೋನಿನಲ್ಲಿ. ಅವ್ವನಿಗೆ ಓದಲು ಬರುವುದಿಲ್ಲ. ಅದಕ್ಕೆ ಸಂಗಪ್ಪಣ್ಣ, "ಅವ್ವಗ ಫೋನ್ ತಗೊಂಡು ನಮ್ಮ ಅಂಗಡಿಗೇ ಬರ್ಲಾಕ ಹೇಳು" ಅಂದ.

ಅವ್ವ ಔರಾದಿನಲ್ಲಿ ಬಸ್ ಹತ್ತಿದಳು. ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲವಂತೆ. ಬೀದರಿನಲ್ಲಿ ಹೇಗೋ ನುಗ್ಗಿ ಇಳಿದಳು. ಫೋನ್ ಸೀಟಿನ ಮೇಲೇ ಉಳಿಯಿತು. ಬಸ್ಸು ಮುಂದೆ ಭಾಲ್ಕಿಗೆ ಹೋಯಿತು. ಅವ್ವ ಅಳುತ್ತಾ ಸಂಗಪ್ಪಣ್ಣನ ಅಂಗಡಿಗೆ ಬಂದಳು, ಅವನು ನನಗೆ ಫೋನ್ ಮಾಡಿದ, ನಾನು ಆ ನಂಬರಿಗೆ ಮಾಡಿದೆ. ಸೀಟಿನ ಮೇಲೆ ಫೋನ್ ಕಂಡು ಎತ್ತಿದವಳು, ಬೀದರಿನಲ್ಲಿ ಸೊಪ್ಪು ಕೊಂಡು ಭಾಲ್ಕಿಯಲ್ಲಿ ಮಾರುವ ಶಾಂತಾಬಾಯಿ. ನಾನು ಎಲ್ಲ ವಿವರಿಸಿ, "ಈಗ ಒಂದು ನಂಬರ್ ಬಂದಿರ್ತದ, ಅಷ್ಟು ಓದಿ ಹೇಳ್ರಿ" ಅಂದೆ. ಅದಕ್ಕೇ ಬೈಗುಳ ಬಿದ್ದದ್ದು.

ಮತ್ತೆ ಮಾಡಿದೆ.

"ಅಕ್ಕಾ, ಖರೇನೇ ಹೇಳ್ತೀನಿ. ಆ ನಂಬರ್ ನಂದೇ ಅದ. ಕುವೈತದಿಂದ ಮಾತಾಡ್ಲತ್ತೀನಿ."

"ನಮ್ಮ ತಂಗಿಗೂ ಒಬ್ಬವ ಹಿಂಗೇ ಅಕ್ಕಾ ಅಕ್ಕಾ ಅಂದಿದ್ದ. ಓಟಿಪಿ ಹೇಳಿದಳು. ಬ್ಯಾಂಕಿನಾಗ ಚಹಾ ಕುಡಿಲಾಕೂ ರೊಕ್ಕ ಉಳಿಲಿಲ್ಲ. ನಂಗ ಓದ್ಲಾಕ ಬರ್ತದ ತಮ್ಮ. ಈ ಮೆಸೇಜಿನಾಗೇ ಬರೆದದ, ಯಾರಿಗೂ ಹೇಳಬ್ಯಾಡಂತ."

"ಯಾರಿಗೂ ಅಂದ್ರ ಬ್ಯಾರೆಯವರಿಗಿ. ನಾ ಮಾಲಕ ಇದ್ದೀನಲ್ಲ!"

"ಮಾಲಕ ಇದ್ರ ಹೇಳು, ಫೋನಿಗಿ ಹಿಂದ ಏನ್ ಸುತ್ಯಾರ?"

ನಾನು ಆ ಫೋನ್ ಕಂಡು ವರ್ಷದ ಮೇಲಾಗಿತ್ತು. "ಏನೂ ಸುತ್ತಿಲ್ಲ" ಅಂದೆ.

"ಸಿಕ್ಕಿಬಿದ್ದಿ ನೋಡು ಕಳ್ಳ!" ಮತ್ತೆ ಕಟ್.

ಸಿಟ್ಟು ನೆತ್ತಿಗೇರಿತು. ಅತ್ತ ಸೂಪರ್‌ವೈಸರ್ ಅರಬ್ಬಿಯಲ್ಲಿ ಕೂಗುತ್ತಿದ್ದ. ಗಾಡಿ ಹತ್ತಿ ನಾಲ್ಕು ಲೋಡು ಇಳಿಸಿದೆ. ಸಂಗಪ್ಪಣ್ಣನಿಗೆ ಫೋನ್ ಮಾಡಿ, "ಅವ್ವಗೇ ಮಾತಾಡ್ಲಾಕ ಹಚ್ಚಣ್ಣ" ಅಂದೆ.

ಅವರ ನಡುವಿನ ಮಾತು ಸಂಗಪ್ಪಣ್ಣ ಆಮೇಲೆ ಹೇಳಿದ. ಅವ್ವ ಅಳುತ್ತಲೇ, "ಹಿಂದಿನ ಮುಚ್ಚಳ ಕಳಚಿ ಬೀಳ್ತದಂತ ನನ್ನ ಹಸರ ಸೀರಿ ಅಂಚು ಹರಿದು ಸುತ್ತೀನಿ ಯವ್ವಾ" ಅಂದಳಂತೆ. ಶಾಂತಾಬಾಯಿ, "ಖರೇ ಅದ" ಅಂದಳಂತೆ.

ಸಂಗಪ್ಪಣ್ಣ ಫೋನ್ ಕಸಿದುಕೊಂಡು, "ಗೊತ್ತಾಯ್ತಲ್ಲ ಬಾಯಿ? ಈಗರೆ ನಂಬರ್ ಹೇಳಿಬಿಡ್ರಿ" ಅಂದ.

"ನೀವು ಟ್ಯಾಕ್ಸಿನವರಾಗ್ರಿ, ಡಿಸಿ ಸಾಹೇಬರಾಗ್ರಿ. ಫೋನಿನಾಗ ಹೇಳಂಗಿಲ್ಲ. ಆ ತಾಯಿ ಕೈಯಾಗ ತಂದು ಕೊಡ್ತೀನಿ. ಅಂಗಡಿ ಎಲ್ಲದ, ಅಷ್ಟು ಹೇಳ್ರಿ."

ಸೊಪ್ಪಿನ ಗಂಟು ಆಗಷ್ಟೇ ಬಿಚ್ಚಿದ್ದಳು. ಮಾರಾಟ ಶುರುವೇ ಆಗಿರಲಿಲ್ಲ. ಪಕ್ಕದವಳಿಗೆ ಒಪ್ಪಿಸಿ ಬೀದರ್ ಬಸ್ ಹತ್ತಿದಳು.

ನನಗೆ ಅದು ಗೊತ್ತಾದಾಗಲೂ ನಂಬಿಕೆ ಬರಲಿಲ್ಲ. ದಾರಿಯಲ್ಲಿದ್ದವಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಸ್ವಿಚ್ ಆಫ್. ಹೋಯಿತು ಅಂದುಕೊಂಡೆ. ಮಾರಿಕೊಂಡಳು, ಇಲ್ಲಾ ಎಸೆದಳು. ಅಣ್ಣನಿಗೆ ಏನು ಹೇಳಲಿ ಅಂತ ಗೋದಾಮಿನ ಹಿಂದೆ ಹೋಗಿ ಕುಳಿತೆ.

ಬೀದರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಸಂಗಪ್ಪಣ್ಣನ ಫೋನ್ ಬಂತು. "ಬಂದಳು ಮಾರಾಯ! ಬ್ಯಾಟರಿ ಮುಗಿದಿತ್ತಂತ. ಚಾರ್ಜಿಗಿ ಹಚ್ಚೀನಿ."

ಕೊನೆಯ ದಿನ ಅಂತ ಎಲ್ಲರೂ ಒಮ್ಮೆಲೇ ಮುಗಿಬಿದ್ದಿದ್ದರು, ಟ್ಯಾಕ್ಸಿನ ವೆಬ್‌ಸೈಟು ತೆರೆಯುತ್ತಿರಲಿಲ್ಲ. ಅವನು ಒತ್ತಿದ, ಒತ್ತಿದ, ಮತ್ತೆ ಒತ್ತಿದ. ಓಟಿಪಿ ಬಂತು. ಹಾಕಿದ. "ಹೋಯ್ತು! ಆಯ್ತು!" ಅಂತ ಕೂಗಿದ. ನನಗೆ ಕಣ್ಣಲ್ಲಿ ನೀರು ಬಂತು.

ಹಿಂದೆ ಅವ್ವನ ದನಿ ಕೇಳುತ್ತಿತ್ತು. ರೊಕ್ಕ ಕೊಡಲು ಹೋಗಿರಬೇಕು. "ಎದರ ರೊಕ್ಕವ್ವ? ಬಸ್ ಪುಕ್ಕಟೆ ಅದ" ಅನ್ನುತ್ತಿದ್ದಳು ಶಾಂತಾಬಾಯಿ. "ಚಹಾ ಕುಡಿಸು, ಸಾಕು. ನಿನ್ನ ಮಗನ ಬಾಯಿ ಮಾತ್ರ ಭಾಳ ಜೋರದ."

ರೊಕ್ಕ ಬೇಸಿಗೆಯಲ್ಲಿ ಬಂತು. ಅಣ್ಣ, ಅತ್ತಿಗೆ, ಮಗು ಊರಿಗೆ ಬಂದರು. ಈಗ ಗಂಜಿನಲ್ಲಿ ಅಣ್ಣನ ಬಾಡಿಗೆ ನಡೆದಿದೆ. ಮಗು ಅಂಗನವಾಡಿಗೆ ಹೋಗುತ್ತದೆ.

ಮುಂದಿನ ರಜೆಗೆ ಬಂದಾಗ ಖರ್ಜೂರ ತಗೊಂಡು ಭಾಲ್ಕಿಗೆ ಹೋದೆ. ಶಾಂತಾಬಾಯಿ ಪುಂಡಿಪಲ್ಯದ ಸೊಪ್ಪು ಕಟ್ಟುತ್ತಾ ಕುಳಿತಿದ್ದಳು. ನನ್ನ ಅವ್ವನಿಗಿಂತ ಸಣ್ಣವಳು, ಎತ್ತರದ ಹೆಂಗಸು. ಯಾರು ಅಂತ ಹೇಳಿದೆ. ನಕ್ಕಳು. "ಅವತ್ತು ನಿಮ್ಮ ಪಲ್ಯ ಹಾಳಾಗಿರಬೇಕಲ್ರಿ?" ಅಂದೆ.

"ಅರ್ಧ ಬಾಡಿತು. ದನಕ್ಕ ಹಾಕ್ದೆ."

"ಫೋನಿನಾಗೇ ಹೇಳಿದ್ರ ನಿಮಗ ಇಷ್ಟು ಪರೇಶಾನಿ ಇರ್ತಿರಲಿಲ್ಲ."

"ಈಗ ಫೋನ್ ಮಾಡಿ ಕೇಳಿದ್ರೂ ಹೇಳಂಗಿಲ್ಲ" ಅಂದಳು.

ನನ್ನ ಮೇಲೆ ಆಕೆಗೆ ಒಂದು ಕಾಳಿನಷ್ಟೂ ನಂಬಿಕೆ ಇರಲಿಲ್ಲ. ನಾನು ಕಳ್ಳನಿದ್ದರೂ ಇರಬಹುದು ಅಂತ ಅಂದುಕೊಂಡೇ ಅಷ್ಟು ದೂರ ಬಂದಳು. ನನ್ನನ್ನು ನಂಬಿದವರು ಯಾರೂ ನನಗೆ ಅಷ್ಟು ಮಾಡಿಲ್ಲ.

ಇಷ್ಟೇ. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.