ಒಲೆ ಹಚ್ಚಿದರೆ ಕರಾರು ಮುಗಿಯಿತು

ಕರಾರು ಬರೆಯುವುದನ್ನೇ ಕಸುಬು ಮಾಡಿಕೊಂಡವನು ತನ್ನ ಮನೆಯ ಕೆಲಸಕ್ಕೆ ಕರಾರು ಬರೆಯಬಾರದು. ಡಾಕ್ಟರುಗಳು ತಮ್ಮ ಮನೆಯವರ ಮೇಲೆ ಕತ್ತರಿ ಆಡಿಸುವುದಿಲ್ಲವಂತೆ. ಆ ಬುದ್ಧಿ ನನಗಿರಲಿಲ್ಲ.

ಪುಣೆಯಲ್ಲಿ ನನ್ನ ಇಡೀ ನೌಕರಿ ಟೆಂಡರುಗಳಿಗೆ ಕಲಮು ಬರೆಯುವುದರಲ್ಲೇ ಕಳೆಯಿತು. ಆ ಭಾಷೆಯ ಸಭ್ಯತೆಯೇ ಬೇರೆ. ಅಲ್ಲಿ ಯಾರೂ ತಡ ಮಾಡುವುದಿಲ್ಲ, 'ಕಾಲಾವಧಿ ವಿಸ್ತರಣೆ' ಕೋರುತ್ತಾರೆ. ಯಾರೂ ಜಗಳವಾಡುವುದಿಲ್ಲ, 'ವಿವಾದ ಉದ್ಭವಿಸುತ್ತದೆ'. ಗೋಡೆ ಕುಸಿದರೂ 'ದೋಷ ಕಂಡುಬಂದಿದೆ' ಎಂದಷ್ಟೇ ಅನ್ನಬೇಕು. ಹೀಗಿರುವಾಗ ಕೊಂಢವಾ ಬಡಾವಣೆಯಲ್ಲಿರುವ ನಮ್ಮ ಫ್ಲ್ಯಾಟಿನ ಅಡುಗೆಮನೆಯನ್ನು ಒಡೆದು ಹೊಸದಾಗಿ ಮಾಡಿಸುವ ಮಾತು ಬಂದಾಗ ನನ್ನ ಕೈ ಸುಮ್ಮನಿದ್ದೀತೆ?

ಅವಸರವಿತ್ತು. ದೌಂಡದಲ್ಲಿರುವ ಮಗಳು ವಿದ್ಯಾ ಬಸುರಿ. ದೀಪಾವಳಿಯೊಳಗೆ ಸೀಮಂತದ ಕುಬಸ ಆಗಬೇಕು, ಆಮೇಲೆ ಪ್ರಯಾಣ ಬೇಡ ಎಂದಿದ್ದರು ಡಾಕ್ಟರು. "ಅಪ್ಪಾ, ಫಂಕ್ಷನ್ ಹಾಲ್-ಗೀಲ್ ಏನೂ ಬ್ಯಾಡ. ನಮ್ಮ ಮನ್ಯಾಗ, ಅವ್ವನ ಕೈಯಾಗಿನ ಹೋಳಿಗಿ ತಿನಬೇಕು ನಾ" ಎಂದಿದ್ದಳು. ಕೇಳಿದ್ದು ಅದೊಂದೇ.

ಗುತ್ತಿಗೆ ಹಿಡಿದ ಭೀಮಣ್ಣ ವಿಜಯಪುರದ ಕಡೆಯವನು. ನನ್ನ ಕರಾರನ್ನು ಓದದೆಯೇ ಸಹಿ ಹಾಕಿದ. "ನೀವ ಬರದೀರಿ ಅಂದಮ್ಯಾಲ ಓದೂದೇನದ ಬಿಡ್ರಿ." ಅಷ್ಟು ಮುತುವರ್ಜಿಯಿಂದ ಬರೆದದ್ದನ್ನು ಓದಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ಸಿಟ್ಟು ಬಂತು.

ಕೆಲಸ ಶುರುವಾಗುವ ದಿನ ನನ್ನ ಹೆಂಡತಿ ಶಾಂತಾ ಬಾಗಿಲಿಗೆ ಅಡ್ಡ ನಿಂತಳು. ನಮ್ಮ ದೇವರ ಗೂಡು ಇರುವುದು ಅಡುಗೆಮನೆಯ ಮೂಲೆಯಲ್ಲಿ. "ಚೌತಿ ಬಂತು. ಗಣಪತಿ ಕೂತು ಏಳೂತನಕ ದೇವರನ್ನ ಅಲುಗಾಡ್ಸಂಗಿಲ್ಲ" ಎಂದಳು. ಪುಣೆಯಲ್ಲಿ ಗಣಪತಿಯ ಎದುರು ನಿಲ್ಲಲು ವಕೀಲರೂ ಸಿಗುವುದಿಲ್ಲ. ಗಣಪತಿ ಎದ್ದ ಮರುದಿನವೇ ಬರುತ್ತೇನೆಂದು ಭೀಮಣ್ಣ ತಕರಾರಿಲ್ಲದೆ ಹೋದ.

ನನಗೇ ಸಮಾಧಾನವಿಲ್ಲ. ಜಾಗವನ್ನು ಅಡೆತಡೆಯಿಲ್ಲದೆ ಬಿಟ್ಟುಕೊಡುವುದು ಮಾಲೀಕನ ಹೊಣೆ, ತಪ್ಪಿದರೆ ಗುತ್ತಿಗೆದಾರನಿಗೆ ಹೆಚ್ಚಿನ ಕಾಲ ಕೊಡತಕ್ಕದ್ದು ಎಂದು ಬರೆದವನು ನಾನು. ಅವನಿಗದು ಗೊತ್ತಿಲ್ಲ. ಧರ್ಮ ಅಂತ ಒಂದಿದೆಯಲ್ಲ, ಫೋನು ಮಾಡಿ ಅವನ ಹಕ್ಕನ್ನು ಅವನಿಗೆ ತಿಳಿಸಿದೆ.

"ಹೌದ್ರಿ? ಹಂಗಾರ ಅರಾಮ ಆತು. ದಸರಾಕ್ಕ ಊರಾಗ ಬನ್ನಿ ಮುಡದ ಬರ್ತೀನ್ರಿ."

ಶಾಂತಾ ಹಣೆ ಹಣೆ ಬಡಿದುಕೊಂಡಳು. "ಅವನ ವಕೀಲಕಿನೂ ನೀವ ಮಾಡ್ರಿ. ಹೊಟ್ಟ್ಯಾಗಿನ ಕೂಸು ನಿಮ್ಮ ಕಾಗದಾ ಓದಿ ತಡಾ ಮಾಡಿ ಬರ್ತದೇನು?" ಎಂದಳು. ಮಗಳ ಒಂದೇ ಆಸೆಯನ್ನು ನನ್ನ ಪ್ರಾಮಾಣಿಕತೆ ನುಂಗಿಬಿಟ್ಟೀತು ಎಂದು ನನಗೂ ಭಯವಾಗಿತ್ತು.

ಭೀಮಣ್ಣ ದಸರಾ ಮುಗಿಸಿ ಬಂದೇ ಕೆಲಸ ಹಿಡಿದ. ಕುಬಸದ ದಿನ ಬಂದಾಗ ಒಲೆಯ ಕಟ್ಟೆ ಆಗಿತ್ತು, ನಲ್ಲಿಯಲ್ಲಿ ನೀರಿತ್ತು. ಕಪಾಟಿಗೆ ಬಾಗಿಲಿರಲಿಲ್ಲ, ಒಲೆಯ ಹಿಂದಿನ ಗೋಡೆಗೆ ಟೈಲ್ಸ್ ಇರಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನಾನು ಕೊನೆಯ ಎಚ್ಚರಿಕೆ ಕೊಟ್ಟೆ. ನನ್ನ ಕರಾರಿನ ಪ್ರಕಾರ ಮಾಲೀಕರು ಜಾಗವನ್ನು ಬಳಸತೊಡಗಿದರೆ ಕೆಲಸ ಪೂರ್ಣಗೊಂಡಿದೆಯೆಂದೇ ಪರಿಗಣಿಸತಕ್ಕದ್ದು, ಒಲೆ ಹಚ್ಚಿದರೆ ಆಮೇಲೆ ಏನನ್ನೂ ಕೇಳುವಂತಿಲ್ಲ ಎಂದೆ. ಶಾಂತಾ ನನ್ನ ಮುಖ ನೋಡುತ್ತಲೇ ಒಲೆ ಹಚ್ಚಿದಳು.

ಹಸಿರು ಸೀರೆಯುಟ್ಟ ವಿದ್ಯಾ ಆ ಬೋಳು ಗೋಡೆಯ ಮುಂದೆಯೇ ಮಣೆ ಹಾಕಿಸಿಕೊಂಡು ಕೂತು, ತುಪ್ಪ ಸೋರುವ ಹೋಳಿಗೆ ತಿಂದಳು. "ಅಡಗಿಮನಿ ಭಾಳ ಛಂದ ಆಗೇದಪ್ಪಾ" ಎಂದಳು. ನನ್ನ ಕಣ್ಣು ತುಂಬಿ ಬಂತು. ಊಟಕ್ಕೆ ಬಂದಿದ್ದ ಭೀಮಣ್ಣನೂ ಹೌದೆಂದು ತಲೆಯಾಡಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಮೊಮ್ಮಗಳು ಯಾವ ನೋಟಿಸೂ ಕೊಡದೆ ಹೇಳಿದ ದಿನಕ್ಕಿಂತ ಮೊದಲೇ ಬಂದಳು. ಈಗ ತಾಯಿಯ ಜೊತೆ ಬಂದರೆ ಅದೇ ಅಡುಗೆಮನೆಯ ತುಂಬ ಅಂಬೆಗಾಲಿಟ್ಟು ಓಡಾಡುತ್ತಾಳೆ. ಒಲೆಯ ಹಿಂದಿನ ಗೋಡೆ ಇನ್ನೂ ಬೋಳಾಗಿಯೇ ಇದೆ. ಶಾಂತಾ ಆಗಾಗ ಅದರ ಕಡೆ ಸೌಟು ತೋರಿಸುತ್ತಾಳೆ. ಕರಾರಿನ ಪ್ರಕಾರ ಅಲ್ಲಿ ಟೈಲ್ಸ್ ಇವೆ ಎಂದು ಹೇಳಿ, ನಾನು ಮೊಮ್ಮಗಳನ್ನು ಎತ್ತಿಕೊಳ್ಳುತ್ತೇನೆ.