ಟ್ಯೂಬಿಗೆ ಹಚ್ಚಿದ ವಿಭೂತಿ

"ಇದಕ್ಕ ವಿಭೂತಿ ಹಚ್ಚಿದವ್ರು ಯಾರ್ರಿ?"

ಯಂತ್ರದೊಳಗೆ ಬಗ್ಗಿಸಿದ ತಲೆಯನ್ನು ಮೇಲೆತ್ತದೆ ಮೆಕ್ಯಾನಿಕ್ ದಸ್ತಗೀರ್ ಹೀಗೆ ಕೇಳಿದಾಗ ಅಂಗಡಿಯಲ್ಲಿ ನಾವು ನಾಲ್ಕೇ ಜನ ಇದ್ದೆವು. ದಸ್ತಗೀರ್, ಅಂಗಡಿಯ ಮಾಲೀಕನಾದ ನನ್ನ ತಮ್ಮ ಈರಣ್ಣ, ಯಂತ್ರ ನಡೆಸುವ ಸವಿತಾ ಮತ್ತು ನಾನು. ಆ ಮೂವರೂ ಯಂತ್ರದ ಕಡೆ ನೋಡುತ್ತಿದ್ದರು. ನಾನು ಮಾತ್ರ, ಸ್ವಚ್ಛವಾಗಿಯೇ ಇದ್ದ ನನ್ನ ಚಷ್ಮಾವನ್ನು ಸೆರಗಿನಿಂದ ಒರೆಸಲು ಶುರುಮಾಡಿದ್ದೆ.

ಯಾಕೆ ಅಂತೀರಾ? ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡ್ ಹತ್ತಿರ ಈರಣ್ಣನ ಅಂಗಡಿ. ಲೇಸರ್ ಕಿರಣದಿಂದ ಕಟ್ಟಿಗೆ, ಅಕ್ರಿಲಿಕ್, ಕರಿಕಲ್ಲಿನ ಮೇಲೆ ಅಕ್ಷರ ಮತ್ತು ಫೋಟೊ ಕೊರೆಯುವ ಯಂತ್ರ ಅವನದು. ಹೂವಿನ ಹಿಪ್ಪರಗಿಯ ಹೊಸ ಮನೆಗಳ ನೇಮ್‌ಪ್ಲೇಟು, ಇಂಗಳೇಶ್ವರದ ಶಾಲೆಯ ಬಹುಮಾನದ ಶೀಲ್ಡು ಎಲ್ಲ ಇಲ್ಲೇ ಆಗುತ್ತವೆ. ಯಂತ್ರ ಅವನದಾದರೂ ಅದರ ನಾಡಿ ಗೊತ್ತಿರುವುದು ಸವಿತಾಗೆ. ಮೂವತ್ತೈದು ದಾಟಿದ ಹೆಣ್ಣುಮಗಳು, ಇಬ್ಬರು ಮಕ್ಕಳ ತಾಯಿ, ನಾಲ್ಕು ವರ್ಷದಿಂದ ಅಲ್ಲೇ ಕೆಲಸ. ಈರಣ್ಣನಿಗೆ ಗೊತ್ತಿರುವುದು ಆರ್ಡರ್ ಹಿಡಿಯುವುದು ಮತ್ತು ಬಂದವರಿಗೆ ಚಹಾ ತರಿಸುವುದು. (ಅವನು ನನ್ನ ಅಂಕಣ ಓದುವುದಿಲ್ಲ ಎಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.)

ಸವಿತಾಳ ಮನೆಯವರು ಬೌದ್ಧರು. ದಸರಾ ದಿನ ಬೆಳಿಗ್ಗೆ ಅವಳ ತವರಿನ ವಿಹಾರದಲ್ಲಿ ಧಮ್ಮ ದೀಕ್ಷೆಯ ನೆನಪಿಗೆ ದೊಡ್ಡ ಕಾರ್ಯಕ್ರಮ ಇರುತ್ತದೆ. ತವರು ಚಡಚಣ. ಇಂಡಿ ಪಟ್ಟಣದ ಮೇಲಿಂದ ಬಸ್ಸು ಬದಲಿಸುತ್ತ ಹೋಗಬೇಕು. ಹೀಗಾಗಿ ಹಿಂದಿನ ದಿನವೇ, ಅಂದರೆ ಖಂಡೇ ಪೂಜೆಯ ದಿನವೇ (ದಕ್ಷಿಣದವರ ಆಯುಧ ಪೂಜೆ), ಅವಳು ರಜೆ ಹಾಕಿ ಮಕ್ಕಳನ್ನು ಕಟ್ಟಿಕೊಂಡು ಹೊರಟಿದ್ದಳು. ವರ್ಷಕ್ಕೆ ಅವಳು ಬಾಯಿಬಿಟ್ಟು ಕೇಳುವ ರಜೆ ಅದೊಂದೇ.

ಅಂಗಡಿಯ ಪೂಜೆ ಹಿರಿಯಕ್ಕನ ಕೈಯಿಂದಲೇ ಆಗಬೇಕೆಂಬುದು ಈರಣ್ಣನ ಹಟ. ಮುದ್ದೇಬಿಹಾಳದಿಂದ ನಾನು ಬೆಳಗಿನ ಬಸ್ಸಿಗೆ ಬಂದಿಳಿದೆ. ನಮ್ಮಲ್ಲಿ ಖಂಡೇ ಪೂಜೆ ಅಂದರೆ ಅರೆಬರೆ ಕೆಲಸ ಇಲ್ಲ. ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ಬೋರಿನ ಸ್ಟಾರ್ಟರು, ತಕ್ಕಡಿ, ಎಲ್ಲದಕ್ಕೂ ಮೂರು ಬೆರಳಿನ ವಿಭೂತಿ ಬೀಳಲೇಬೇಕು. ಯಂತ್ರದ ಹಣೆ ಎಲ್ಲಿದೆ ಎಂದು ಹುಡುಕಿಕೊಳ್ಳುವುದು ಪೂಜೆ ಮಾಡುವವರ ಜವಾಬ್ದಾರಿ. ಈರಣ್ಣ ಕರೆಂಟ್ ತೆಗೆದು, ಯಂತ್ರದ ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ, "ಒಳಗೂ ಪೂಜಿ ಆಗಲಿ ಅಕ್ಕ, ಇದರ ಜೀವ ಇರೂದ ಅಲ್ಲಿ" ಅಂದ.

ಒಳಗೆ ನನ್ನ ತೋಳಿಗಿಂತ ಉದ್ದನೆಯ ಗಾಜಿನ ಟ್ಯೂಬು. ಅದರ ಒಂದು ತುದಿಯಲ್ಲಿ ದುಂಡನೆಯ, ಲೋಹದ ಅಂಚಿನ ಪುಟ್ಟ ಮುಖ. ಎಷ್ಟು ಚೆಂದ ಹೊಳೆಯುತ್ತಿತ್ತು! ವಿಭೂತಿ ಗಟ್ಟಿಯನ್ನು ನೀರು ಹಚ್ಚಿ ತಿಕ್ಕಿ, ಗಾಜಿನ ಮೈಮೇಲೆ ಮೂರು ಗೆರೆ ಎಳೆದೆ. ಮುಖವಿದ್ದ ಮೇಲೆ ಅದನ್ನು ಬಿಡುವುದುಂಟೆ? ಅದಕ್ಕೂ ಬೆರಳು ಒತ್ತಿದೆ. ಕಾಯಿ ಒಡೆದೆವು, ಹೋಳಿಗೆ ಉಂಡೆವು, ನಾನು ಮಧ್ಯಾಹ್ನದ ಬಸ್ಸು ಹಿಡಿದೆ.

ಲೇಸರ್ ಕಿರಣ ಹೊರಬೀಳುವುದು ಅದೇ ಮುಖದಿಂದ ಎಂದು ನನಗೆ ಹೇಳಬಲ್ಲವಳು ಆಗ ಚಡಚಣದ ದಾರಿಯಲ್ಲಿದ್ದಳು.

ಹಬ್ಬ ಮುಗಿಸಿ ಬಂದು ಸವಿತಾ ಯಂತ್ರ ಚಾಲೂ ಮಾಡಿದರೆ ಅಕ್ಷರಗಳು ಮಸುಕಾಗಿ ಮೂಡತೊಡಗಿದವು. ಅವಳು ಕನ್ನಡಿಗಳನ್ನು ಒರೆಸಿದಳು, ಲೆನ್ಸ್ ಬಿಚ್ಚಿ ತೊಳೆದಳು. ಹಿಂದಿನ ಮುಚ್ಚಳ ಮಾತ್ರ ಮುಟ್ಟಲಿಲ್ಲ. ಮೆಕ್ಯಾನಿಕ್ ಇಲ್ಲದೆ ಅದನ್ನು ತೆಗೆಯಬಾರದು ಎಂಬುದು ಅಂಗಡಿಯ ನಿಯಮ. (ನಿಯಮ ಇದ್ದದ್ದು ಅವಳಿಗೆ. ನಮಗೆ ಅದು ನೆನಪೂ ಆಗಿರಲಿಲ್ಲ.) ದಸ್ತಗೀರನನ್ನು ಕರೆಸಿರಿ ಎಂದು ಅವಳು ಈರಣ್ಣನಿಗೆ ಹೇಳಿದಳು. ಆರ್ಡರ್ ಬಹಳ ಬಾಕಿ ಇವೆ, ಪವರ್ ಏರಿಸಿ ನಡೆಸು ಎಂದು ಅವನು ಹೇಳಿದ. ಅವಳು ಏರಿಸಿದಳು. ನಾಲ್ಕನೆಯ ದಿನ ಕಿರಣ ಹೆಚ್ಚುಕಡಿಮೆ ನಿಂತೇ ಹೋಯಿತು.

ಅವತ್ತು ಸಂಜೆ ಈರಣ್ಣನ ಫೋನು. ಸವಿತಾ ಟ್ಯೂಬ್ ಸುಟ್ಟಳಂತೆ. ಆ ಟ್ಯೂಬು ಕಾಯದಂತೆ ಅದರ ಸುತ್ತ ಸದಾ ನೀರು ಹರಿಯುತ್ತಿರಬೇಕು, ಅದೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಅದನ್ನು ತರುವ ಬೇಸರಕ್ಕೆ ಇವಳು ಬೋರಿನ ಸವಳು ನೀರು ಹಾಕಿದ್ದಾಳೆ ಎಂದು ಅವನ ತೀರ್ಮಾನ. ಇಲ್ಲ ಎಂದು ಅವಳು ಮಕ್ಕಳ ಮೇಲೆ ಆಣೆ ಮಾಡಿದರೂ ಕೇಳದೆ, ಬರುವ ತಿಂಗಳಿಂದ ಬೇರೆ ಕಡೆ ಕೆಲಸ ನೋಡಿಕೋ ಎಂದು ಹೇಳಿಬಿಟ್ಟಿದ್ದ.

ಅದಕ್ಕೆ ನಾನು ಫೋನಿನಲ್ಲಿ ಏನೆಂದೆ ಗೊತ್ತೆ? "ಅವ್ರಿಗೆ ಲಕ್ಷ್ಯ ಇರಂಗಿಲ್ಲ ಬಿಡಪ್ಪ" ಅಂದೆ. ಅವರು ಅಂದರೆ ಯಾರು? ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀವೂ ಕೇಳಬೇಕಾಗಿಲ್ಲ, ನಿಮಗೂ ಗೊತ್ತಾಗಿದೆ.

ನಾನು ಕಲಿಸುವ ಶಾಲೆಯ ಹಿರಿಯ ಶಿಕ್ಷಕರ ನಿವೃತ್ತಿಗೆಂದು ಮಾಡಿಸಲು ಕೊಟ್ಟಿದ್ದ ಫಲಕ ಆ ಯಂತ್ರದಲ್ಲೇ ಅರ್ಧಕ್ಕೆ ನಿಂತಿತ್ತು. ಅದರ ಗತಿ ನೋಡಲು ನಾನು ಎಂಟು ದಿನ ಬಿಟ್ಟು, ರವಿವಾರ ಬಾಗೇವಾಡಿಗೆ ಹೋದೆ. ದಸ್ತಗೀರ್ ಸಿಂದಗಿಯಿಂದ ಹೊಸ ಟ್ಯೂಬಿನ ಸಮೇತ ಬಂದಿದ್ದ. ಅಷ್ಟುದ್ದದ ಕಟ್ಟಿಗೆ ಪೆಟ್ಟಿಗೆಗೆ ಟಿಕೀಟು ತೆಗೆಸಬೇಕೋ ಬೇಡವೋ ಎಂದು ಕಂಡಕ್ಟರ್ ಅರ್ಧ ದಾರಿ ವಾದ ಮಾಡಿದನಂತೆ. ಸವಿತಾ ಮೂಲೆಯಲ್ಲಿ ನಿಂತಿದ್ದಳು. ತಿಂಗಳು ಮುಗಿಯುವವರೆಗೆ ಬರಲೇಬೇಕಲ್ಲ.

ದಸ್ತಗೀರ್ ಮೊದಲು ನೋಡಿದ್ದು ನೀರು. ಗಾಜಿನ ಉದ್ದಕ್ಕೂ ಟಾರ್ಚ್ ಬಿಟ್ಟ. ಸವಳು ನೀರಾಗಿದ್ದರೆ ಒಳಗೆ ಬಿಳಿ ಪದರ ಕಟ್ಟುತ್ತಿತ್ತು, ಇಲ್ಲಿ ಒಂದು ಕಲೆಯೂ ಇಲ್ಲ ಅಂದ. ಪಂಪು ನೋಡಿದ, ಸರಿಯಾಗಿತ್ತು. ಹಾಗಾದರೆ ನೀರಿಲ್ಲದೆ ನಡೆಸಿರಬೇಕು ಎಂದ ಈರಣ್ಣ. ನೀರು ನಿಂತರೆ ಯಂತ್ರವೇ ನಿಲ್ಲುತ್ತದೆ ಎಂದು ದಸ್ತಗೀರ್ ಅಲ್ಲಗಳೆದ. ಆಮೇಲೆ ಕಿರಣದ ದಾರಿಗೆ ಕಾಗದದ ಟೇಪು ಅಂಟಿಸಿ ಬಟನ್ ಒತ್ತಿದ. ದುಂಡಗೆ ಕರಕಲಾಗಬೇಕಾದ ಜಾಗದಲ್ಲಿ ಉಗುರು ತಾಗಿದಂಥ ಮಸುಕು ಗುರುತು. ಕರೆಂಟ್ ತೆಗೆಸಿ, ಒಳಗೆ ಉಳಿದ ಕರೆಂಟ್ ಇಳಿಯಲಿ ಎಂದು ಒಂದಷ್ಟು ಹೊತ್ತು ಸುಮ್ಮನೆ ನಿಂತ. ನಂತರ ಟ್ಯೂಬಿನ ಆ ಪುಟ್ಟ ಮುಖಕ್ಕೆ ಟಾರ್ಚ್ ಹಿಡಿದ. ಅಲ್ಲಿ ಸುಟ್ಟು ಗಟ್ಟಿಯಾದ ಬಿಳಿ ಬೂದಿ. ಅದರಡಿ ಕೂದಲೆಳೆಯಷ್ಟು ಸೀಳು.

ಆಗಲೇ ಅವನು ಆ ಪ್ರಶ್ನೆ ಕೇಳಿದ್ದು.

ಈರಣ್ಣ ಅಭ್ಯಾಸಬಲದಿಂದ ಸವಿತಾಳ ಕಡೆ ತಿರುಗಿದ. ತಿರುಗಿದವನಿಗೆ ಅವಳ ಬರಿ ಹಣೆ ಕಂಡಿರಬೇಕು. ನಿಧಾನವಾಗಿ ನನ್ನ ಕಡೆ ನೋಡಿದ. ಸವಿತಾ ಆಗಲೇ ನನ್ನನ್ನು ನೋಡುತ್ತಿದ್ದಳು. ನಾಚಿಕೆಯಿಂದ ಹೇಳುತ್ತೇನೆ, ಅವಳು ನೋಡದಿದ್ದರೆ ನಾನು ಚಷ್ಮಾ ಒರೆಸುತ್ತಲೇ ಇರುತ್ತಿದ್ದೆನೇನೋ.

"ನಾನ ಹಚ್ಚೇನಿ," ಅಂದೆ.

ಈರಣ್ಣ ನಕ್ಕುಬಿಟ್ಟ. ನಿಜವಾಗಿ ನಿರಾಳವಾದ ನಗು. "ಹೋಗ್ಲಿ ಬಿಡ ಅಕ್ಕ. ದೇವರ ಕೆಲಸದಾಗ ಆಗಿದ್ದು."

ನೋಡಿ, ಎಷ್ಟು ಸಲೀಸು! ಎಂಟು ದಿನ ಆ ಅಂಗಡಿಯಲ್ಲಿ ಅದು ಅಕ್ಷಮ್ಯ ಅಪರಾಧವಾಗಿತ್ತು, ಒಬ್ಬಳ ಅನ್ನಕ್ಕೇ ಕುತ್ತು ತಂದಿತ್ತು. ಅದೇ ತಪ್ಪು ನನ್ನ ಹೆಸರಿಗೆ ಬಂದ ಕ್ಷಣದಲ್ಲಿ ತಪ್ಪೇ ಅಲ್ಲದಂತಾಯಿತು. ಟ್ಯೂಬು ಅದೇ, ಸೀಳು ಅದೇ. ಸವಿತಾಗೆ ಅವನು ಹೇಳಿದ್ದು ಒಂದೇ ಮಾತು, ಮೊದಲಿನ ಹಾಗೆ ಕೆಲಸಕ್ಕೆ ಬಾ ಅಂತ. ಅಷ್ಟಕ್ಕೇ ಅವಳು ತಲೆಯಾಡಿಸಿದಳು. "ತಪ್ಪಾಯ್ತು" ಅನ್ನುವ ಪದ ಅವನ ಬಾಯಿಗೂ ಬರಲಿಲ್ಲ, ಎಷ್ಟೋ ವರ್ಷದಿಂದ ಮಕ್ಕಳಿಗೆ ಆ ಪದ ಕಲಿಸುತ್ತ ಬಂದ ನನ್ನ ಬಾಯಿಗೂ ಬರಲಿಲ್ಲ.

ಟ್ಯೂಬ್ ಬದಲಿಸುವುದನ್ನು ಕೂತು ನೋಡಿದೆ. ನೀರು ಬಸಿದು, ಪೈಪು ಕಳಚಿ, ಹಳೆಯದನ್ನು ದಸ್ತಗೀರ್ ಮತ್ತು ಸವಿತಾ ಎರಡೂ ಕಡೆ ಹಿಡಿದು ಎತ್ತಿದರು. ಹೊಸದನ್ನು ಕೂರಿಸಿ ದಸ್ತಗೀರ್ ವೈರು ಬಿಗಿದ, ಅದರ ಮೇಲೆ ಗಮ್ ಹಚ್ಚಿ ಒಣಗಲು ಬಿಟ್ಟ. ಆ ಹೊತ್ತಿನಲ್ಲಿ ತಿನ್ನಲು ಚುರುಮುರಿಯ ಗಿರ್ಮಿಟ್ ಬಂತು, ಚಹಾ ಬಂತು. ಮುಂದಿನದೆಲ್ಲ ಸವಿತಾಳ ಕೆಲಸ. ನೀರು ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ಯಂತ್ರ ಅಲುಗಿಸಿ ಅಲುಗಿಸಿ ಹೊರಗೆ ಹಾಕಿದಳು. ಒಂದೊಂದು ಕನ್ನಡಿಗೂ ಟೇಪು ಅಂಟಿಸಿ, ಸ್ಕ್ರೂವನ್ನು ಎಳ್ಳಷ್ಟೆಳ್ಳಷ್ಟೇ ತಿರುವುತ್ತ, ಕಿರಣವನ್ನು ನಡುಮಧ್ಯಕ್ಕೆ ತಂದು ನಿಲ್ಲಿಸಿದಳು. ದಸ್ತಗೀರ್ ಕೈಕಟ್ಟಿ ನಿಂತಿದ್ದ. ಇದು ತನಗೂ ಇಷ್ಟು ಬೇಗ ಆಗುವುದಿಲ್ಲ ಎಂದು ಈರಣ್ಣನಿಗೆ ಕೇಳುವಂತೆಯೇ ಹೇಳಿದ.

ನನ್ನ ಫಲಕವನ್ನು ಅವಳೇ ಮುಗಿಸಿ, ಕಾಗದ ಸುತ್ತಿ ಕೈಗೆ ಕೊಟ್ಟಳು. ಕೊಡುವಾಗ ಮೆಲ್ಲಗೆ ಅಂದಳು, "ಅಕ್ಕಾರ, ಇನ್ನ ಮ್ಯಾಲೆ ಖಂಡೇ ಪೂಜಿಗಿ ನಾ ಊರಿಗಿ ಹೋಗಂಗಿಲ್ರಿ. ಮುಚ್ಚಳಾ ತಗಿಯೂಮುಂದ ನಾ ಇಲ್ಲಿ ಇರಬೇಕ್ರಿ."

ಆಗ ನನಗೆ ಖುಷಿಯಾಯಿತು. ಎಷ್ಟು ಜವಾಬ್ದಾರಿಯ ಹೆಣ್ಣುಮಗಳು ಅಂದುಕೊಂಡು ಬಸ್ಸು ಹತ್ತಿದೆ. ಬಸ್ಸು ಊರು ದಾಟಿದ ಮೇಲೆ ಆ ಮಾತು ಅರ್ಥವಾಯಿತು. ಪೂಜೆಯ ದಿನ ಅಂಗಡಿ ಕಾಯ್ದರೆ ಮರುದಿನ ಬೆಳಿಗ್ಗೆ ಅವಳು ಚಡಚಣ ಮುಟ್ಟುವುದು ಹೇಗೆ? ಯಂತ್ರಕ್ಕೆ ಏನಾದರೂ ಆದರೆ ಹೊಣೆ ತನ್ನ ತಲೆಗೇ ಬರುತ್ತದೆ ಎಂದು ಅವಳಿಗೆ ಈ ಎಂಟು ದಿನದಲ್ಲಿ ತಿಳಿದುಹೋಗಿದೆ. ಅದಕ್ಕೇ ಯಾರೂ ಕೇಳದೆ ತನ್ನ ಹಬ್ಬವನ್ನೇ ಬಿಟ್ಟುಕೊಟ್ಟಿದ್ದಾಳೆ.

ನಾನು ಹಚ್ಚಬಾರದ ಕಡೆ ವಿಭೂತಿ ಹಚ್ಚಿದ್ದಕ್ಕೆ ಅವಳ ಹಬ್ಬ ಯಾಕೆ ಹೋಗಬೇಕು?